ಈರಮ್ಮನವರ ಎಡಕ್ಕೊಬ್ಬರು, ಬಲಕ್ಕೊಬ್ಬರು

ಬುರ್ರಕಥೆಯ ದರೋಜಿ ಈರಮ್ಮನವರ ಬಗ್ಗೆ ಬರೆದವರು ಬಹುಮಟ್ಟಿಗೆ ಲೆಕ್ಕದಿಂದಲೇ ಶುರುಮಾಡುತ್ತಾರೆ. 12 ಕಾವ್ಯ, 2 ಲಕ್ಷ ಪದ, 7,000 ಪುಟ, ಅದರ ಮೇಲೆ ಅಕ್ಷರ ಬಾರದ ಹೆಣ್ಣುಮಗಳು. ಜೊತೆಗೆ 1999ರ ರಾಜ್ಯೋತ್ಸವ ಪ್ರಶಸ್ತಿ, 2003ರ ನಾಡೋಜ. 2014ರ ಆಗಸ್ಟ್ 12ರಂದು ಬಳ್ಳಾರಿಯಲ್ಲಿ ಅವರು ತೀರಿಕೊಂಡಾಗಲೂ ಎಲ್ಲರ ಬಾಯಲ್ಲಿ ಇದ್ದದ್ದು ಈ ಲೆಕ್ಕವೇ. ಅಷ್ಟು ದೊಡ್ಡ ನೆನಪಿಗೆ ಬೆರಗಾಗುವುದು ತಪ್ಪೇನಲ್ಲ. ಆದರೆ ಭೀಮಸೇನ ಜೋಶಿಯವರಿಗೆ ಎಷ್ಟು ಚೀಜು ಬರುತ್ತಿದ್ದವು ಎಂದು ಎಣಿಸಿ ಯಾರೂ ಅವರನ್ನು ದೊಡ್ಡ ಗಾಯಕರೆಂದು ಕರೆಯಲಿಲ್ಲ. ಈರಮ್ಮನವರ ವಿಷಯದಲ್ಲಿ ಮಾತ್ರ ಎಣಿಕೆ ಏಕೆ ಬೇಕಾಯಿತು? ಅವರದು ಸಂಗೀತ ಎಂದು ಒಪ್ಪಿಕೊಂಡು, ಸಂಗೀತವನ್ನು ಕೇಳುವ ಹಾಗೆ ಕಿವಿಗೊಟ್ಟು ಕೇಳಲು ನಾವು ಹಿಂಜರಿದೆವು ಎಂದೇ ನನ್ನ ಅನಿಸಿಕೆ.

ಸಂಗೀತವೆಂದು ಕೇಳಲು ಕೂತರೆ ಮೊದಲು ಗಮನಕ್ಕೆ ಬರುವುದು ಈರಮ್ಮ ಒಬ್ಬರೇ ಹಾಡುತ್ತಿರಲಿಲ್ಲ ಎಂಬುದು. ಅವರ ಎಡಬಲಕ್ಕೆ ಶಿವಮ್ಮ ಮತ್ತು ಪಾರ್ವತಮ್ಮ ಇರುತ್ತಿದ್ದರು. ಒಬ್ಬರು ಒಡಹುಟ್ಟಿದವರು, ಇನ್ನೊಬ್ಬರು ನಾದಿನಿ. ಈರಮ್ಮನವರ ಹೆಸರಿನಲ್ಲಿ ಅಚ್ಚಾದ ಕಾವ್ಯಗಳಲ್ಲಿ ಈ ಇಬ್ಬರ ಪಾಲು ಎಷ್ಟು ಎಂದು ಯಾರೂ ಬಿಡಿಸಿ ನೋಡಿದಂತೆ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ಅರ್ಧ ಪಾಲು.

ಈರಮ್ಮನವರದು ಬುಡ್ಗ ಜಂಗಮ ಸಮುದಾಯ. ಊರೂರು ಅಲೆಯುತ್ತಿದ್ದ ಕುಟುಂಬ ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ನೆಲೆ ಕಂಡಿತು. ವಿದ್ಯೆ ಅಪ್ಪ ಲಾಲಪ್ಪನವರಿಂದ ಬಂತು. ಈ ಜನರಲ್ಲಿ ಸಾಮಾನ್ಯವಾಗಿ ಗಂಡಸು ತಂಬೂರಿ ಹಿಡಿದು ಮುಂದೆ ನಿಂತರೆ ಮನೆಯ ಹೆಂಗಸರು ಎಡಬಲಕ್ಕೆ ನಿಂತು ಚರ್ಮವಾದ್ಯ ನುಡಿಸುತ್ತಾ ದನಿಗೂಡಿಸುತ್ತಿದ್ದರು. ಈರಮ್ಮನವರ ಮೇಳದಲ್ಲಿ ಮುಂದಿದ್ದದ್ದೂ ಹೆಣ್ಣು, ಅಕ್ಕಪಕ್ಕ ಇದ್ದದ್ದೂ ಹೆಣ್ಣು. ತೆಲುಗಿನಲ್ಲಿ ಬುರ್ರ ಎಂದರೆ ಬುರುಡೆ. ಕಥೆಗೆ ಈ ಹೆಸರು ತಂಬೂರಿಯ ಬುರುಡೆಯಿಂದ ಬಂತೆನ್ನುವವರಿದ್ದಾರೆ, ಪಕ್ಕದವರ ವಾದ್ಯದಿಂದ ಬಂತೆನ್ನುವವರೂ ಇದ್ದಾರೆ. ಎರಡನೆಯ ಮಾತು ನಿಜವಾಗಿದ್ದರೆ ನನಗೆ ಸಂತೋಷ. ಆಗ ಇಡೀ ಕಲೆಗೆ ಹಿಮ್ಮೇಳದವರ ಹೆಸರೇ ಬಂದಂತಾಗುತ್ತದೆ.

ನಾನು ಈ ಕಥೆಗಳನ್ನು ಮೊದಲು ಕೇಳಿದ್ದು ಸಿರುಗುಪ್ಪ ತಾಲ್ಲೂಕಿನ ನಮ್ಮೂರಿನಲ್ಲಿ, ಭತ್ತದ ಸುಗ್ಗಿ ಮುಗಿದ ಮೇಲೆ. ಕಾಲುವೆ ನೀರಿನ ಊರು. ಕಣದಲ್ಲಿ ರಾಶಿ ಬಿದ್ದಾಗ ಕಥೆಯವರು ಬರುತ್ತಿದ್ದರು. ಹಗಲು ಮನೆ ಮನೆಗೆ ಬಂದು ಮೊರದಲ್ಲಿ ಕಾಳು ಪಡೆಯುವುದು, ರಾತ್ರಿ ಊಟವಾದ ಮೇಲೆ ಅಗಸೆ ಮುಂದೆ ಕಥೆ. ಒಂದು ರಾತ್ರಿ ಮುಂದಿದ್ದಾಕೆಗೆ ಕೆಮ್ಮು ಹತ್ತಿತು. ಪದ ಅರ್ಧಕ್ಕೇ ನಿಂತಿತು. ಬಲಗಡೆಯಾಕೆ ಒಂದು ಕ್ಷಣವೂ ತಡಮಾಡದೆ ಆ ಸಾಲಿನ ಬಾಲ ಹಿಡಿದು ಎಳೆದಳು. ಎಡಗಡೆಯಾಕೆ ತಂದಾನ ಎತ್ತಿದಳು. ವಾದ್ಯದ ಪೆಟ್ಟು ಮೊದಲಿನಷ್ಟೇ ಬಿಗಿಯಾಗಿತ್ತು. ಮುಂದಿನಾಕೆ ಚೊಂಬೆತ್ತಿ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಸರಿಯಾಗಿ ಪೆಟ್ಟು ಬೀಳುವ ಜಾಗಕ್ಕೇ ಬಂದು ಸೇರಿಕೊಂಡಳು. ಕುಂತವರಲ್ಲಿ ಅರ್ಧ ಮಂದಿಗೆ ಏನಾಯಿತೆಂಬುದೂ ತಿಳಿಯಲಿಲ್ಲ. ನನ್ನ ಪಕ್ಕ ಕುಂತಿದ್ದ ಅಜ್ಜ ಮಾತ್ರ ತೊಡೆ ತಟ್ಟಿಕೊಂಡು "ಕತಿ ಹೇಳಾಕಿನ್ನ ನೋಡಬ್ಯಾಡಲೇ, ಮಗ್ಗಲದಾಕಿನ್ನ ನೋಡು" ಅಂದ. ಅಂದಿನಿಂದ ನಾನು ಪಕ್ಕದವರನ್ನೇ ನೋಡುತ್ತಾ ಬಂದಿದ್ದೇನೆ.

ನೋಡಿದರೆ ತಿಳಿಯುವುದು ಇಷ್ಟು. ಮುಂದಿನಾಕೆಯ ಹೆಗಲ ಮೇಲೆ ತಂಬೂರಿ, ಹೆಬ್ಬೆರಳಿಗೆ ಟೊಳ್ಳು ಉಂಗುರ. ಉಂಗುರದೊಳಗೆ ಪುಟ್ಟ ಗುಂಡುಗಳಿರುತ್ತವೆ, ಇನ್ನೊಂದು ಉಂಗುರಕ್ಕೆ ತಾಗಿಸಿದರೆ ತಾಳ ಹುಟ್ಟುತ್ತದೆ. ಪಕ್ಕದವರ ಕೈಯಲ್ಲಿ ಮಣ್ಣಿನದೋ ಹಿತ್ತಾಳೆಯದೋ ಎರಡು ಮುಖದ ಸಣ್ಣ ವಾದ್ಯ. ಮುಂದಿನಾಕೆ ಒಂದು ಸಾಲು ಎಸೆದರೆ ಪಕ್ಕದವರು ಅದರ ಕೊನೆಯನ್ನು ಹಿಡಿದು ಎತ್ತಿಕೊಳ್ಳುತ್ತಾರೆ. ಅವರು ಎಳೆಯುವಷ್ಟು ಹೊತ್ತಿನಲ್ಲಿ ಇವಳು ಮುಂದಿನ ಸಾಲನ್ನು ಮನಸ್ಸಿಗೆ ತಂದುಕೊಳ್ಳುತ್ತಾಳೆ. ನಡುವೆ ಹಾಡು ನಿಂತು ಮಾತು ಶುರುವಾದಾಗ ಒಬ್ಬಳು ಹೂಂಗುಟ್ಟುತ್ತಾಳೆ, ಇನ್ನೊಬ್ಬಳು "ಆಮ್ಯಾಲೇನಾತವ್ವಾ?" ಎನ್ನುತ್ತಾಳೆ. ಇದು ಬರೀ ಉಪಚಾರದ ಪ್ರಶ್ನೆಯಲ್ಲ. ಜನ ತೂಕಡಿಸುತ್ತಿದ್ದಾರೆಯೇ, ಅಳುವ ಹದಕ್ಕೆ ಬಂದಿದ್ದಾರೆಯೇ ಎಂಬುದು ಪಕ್ಕದವರ ಕಣ್ಣಿಗೆ ಮೊದಲು ಬೀಳುತ್ತದೆ. ಕಥೆಯನ್ನು ಉದ್ದ ಮಾಡಬೇಕೋ ಮೊಟಕು ಮಾಡಬೇಕೋ ಎಂಬ ಸೂಚನೆ ಆ ಪ್ರಶ್ನೆಯ ದನಿಯಲ್ಲೇ ಇರುತ್ತದೆ. ಏಳು ಸಾವಿರ ಪುಟದ ನೆನಪು ಎನ್ನುತ್ತೇವಲ್ಲ, ಆ ನೆನಪು ನಡೆಯುತ್ತಿದ್ದದ್ದು ಮೂರು ಜೊತೆ ಕಾಲುಗಳ ಮೇಲೆ.

ಇದನ್ನು ಬೇರೆ ದೇಶದ ಒಂದು ಗ್ರಾಮಫೋನ್ ತಟ್ಟೆಯ ಜೊತೆ ಇಟ್ಟು ನೋಡಬೇಕೆಂದು ನನಗೆ ಬಹಳ ದಿನದಿಂದ ಆಸೆ. 1925ರ ಜನವರಿ 14ರಂದು ನ್ಯೂಯಾರ್ಕಿನಲ್ಲಿ ಬೆಸ್ಸಿ ಸ್ಮಿತ್ ಎಂಬ ಕಪ್ಪು ಗಾಯಕಿ ಕೊಲಂಬಿಯಾ ಕಂಪನಿಗಾಗಿ 'ಸೇಂಟ್ ಲೂಯಿಸ್ ಬ್ಲೂಸ್' ಹಾಡಿದರು. ಜೊತೆಗಿದ್ದವರು ಇಬ್ಬರೇ. ಕಾರ್ನೆಟ್ ಎಂಬ ತುತ್ತೂರಿ ಊದಿದವರು ಲೂಯಿ ಆರ್ಮ್‌ಸ್ಟ್ರಾಂಗ್. ಹಾರ್ಮೋನಿಯಂ ನುಡಿಸಿದವರು ಫ್ರೆಡ್ ಲಾಂಗ್‌ಶಾ. ಹೌದು, ಹಾರ್ಮೋನಿಯಂ, ನಮ್ಮ ಪೇಟಿಯ ಸೋದರ. ಮೊದಲ ಸಲ ಕೇಳಿದಾಗ ಬಳ್ಳಾರಿಯ ಯಾವುದೋ ನಾಟಕದ ತಾಲೀಮಿನಲ್ಲಿ ಕೂತಂತಾಯಿತು ನನಗೆ. ಬೆಸ್ಸಿ ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಆ ಖಾಲಿ ಜಾಗದಲ್ಲಿ ತುತ್ತೂರಿ ಉತ್ತರ ಕೊಡುತ್ತದೆ. ಮತ್ತೊಂದು ಸಾಲು, ಮತ್ತೊಂದು ಉತ್ತರ. ಪೇಟಿ ಕೆಳಗಿನಿಂದ ಉಸಿರಿನ ಹಾಗೆ ಇಬ್ಬರನ್ನೂ ಹೊತ್ತುಕೊಂಡಿರುತ್ತದೆ. ನಮ್ಮ ಮೇಳಕ್ಕೆ ಇದು ತೀರಾ ಹತ್ತಿರ. ಬೇರೆಯಾಗುವುದು ಕಾಲದ ಅಳತೆಯಲ್ಲಿ. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಈರಮ್ಮನವರ ಕಥೆಗೆ ರಾತ್ರಿ ರಾತ್ರಿಗಳೇ ಬೇಕು.

ಆ ತಟ್ಟೆಯ ಬಗ್ಗೆ ಬರೆಯುವವರು ಆರ್ಮ್‌ಸ್ಟ್ರಾಂಗ್ ಹೆಸರು ಬಿಟ್ಟು ಬರೆಯುವುದಿಲ್ಲ, ಲಾಂಗ್‌ಶಾ ಹೆಸರನ್ನೂ ಮರೆಯುವುದಿಲ್ಲ. ಇಬ್ಬರ ಒಂದೊಂದು ಸ್ವರಕ್ಕೂ ವಿಮರ್ಶೆ ಇದೆ. ಶಿವಮ್ಮನವರ ದನಿ ಹೇಗಿತ್ತು, ಪಾರ್ವತಮ್ಮನವರ ಪೆಟ್ಟು ಹೇಗಿತ್ತು ಎಂದು ಕನ್ನಡದಲ್ಲಿ ಅರ್ಧ ಪುಟವಾದರೂ ಬೇಡವೇ?

ಪಕ್ಕವಾದ್ಯವನ್ನು ಗುರುತಿಸುವ ಕಿವಿ ನಮ್ಮ ಸೀಮೆಗೆ ಇಲ್ಲದೇ ಇಲ್ಲ. 2020ರಲ್ಲಿ ತೀರಿಕೊಂಡ ಬಳ್ಳಾರಿಯ ಸುಭದ್ರಮ್ಮ ಮನ್ಸೂರು ರಂಗಗೀತೆ ಎತ್ತಿದರೆ ಪೇಟಿ ಮಾಸ್ತರ ಹೇಗೆ ಹಿಂಬಾಲಿಸುತ್ತಾನೆ ಎಂಬುದನ್ನು ಮುಂದಿನ ಸಾಲಿನಲ್ಲಿ ಕುಂತ ರೈತ ತೂಗಿ ನೋಡುತ್ತಿದ್ದ. ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಲ್ಲಿ ಬಯಲಾಟಕ್ಕೆ ಹಿಮ್ಮೇಳ ಸರಿಯಿಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ. ಬುರ್ರಕಥೆಯ ಹೆಣ್ಣುಮಕ್ಕಳಿಗೆ ಮಾತ್ರ ಈ ಕಿವಿ ದಕ್ಕಲಿಲ್ಲ, ಏಕೆಂದರೆ ಅವರು ಮೊರ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಬಾಗಿಲಿಗೆ ಬಂದವರಿಗೆ ಕಾಳು ಕೊಟ್ಟೆವು, ಕಿವಿ ಕೊಡಲಿಲ್ಲ.

ಕೆಲವು ವರ್ಷಗಳ ಹಿಂದೆ ಬಳ್ಳಾರಿಯ ಒಂದು ಸಭಾಂಗಣದಲ್ಲಿ ಕಂಡದ್ದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಬೇರೊಂದು ಬುರ್ರಕಥೆ ಮೇಳ, ಮೂವರು ಹೆಣ್ಣುಮಕ್ಕಳು. ಸಂಘಟಕರು ಒಂದೇ ಮೈಕು ಇಟ್ಟರು, ಅದೂ ಮುಂದಿನಾಕೆಗೆ. ಕೊಟ್ಟದ್ದು 20 ನಿಮಿಷ. ಪಕ್ಕದ ಇಬ್ಬರು ಬಾಯಿ ತೆರೆದದ್ದು ಕಂಡಿತೇ ಹೊರತು ಕೇಳಿಸಲಿಲ್ಲ. ಮುಂದಿನಾಕೆಯ ಸಾಲುಗಳ ನಡುವೆ ಬರೀ ಮೌನ. ಹತ್ತು ನಿಮಿಷದಲ್ಲಿ ಆಕೆಗೆ ದಮ್ಮು ಹತ್ತಿ, ಕಥೆ ಓಡಿಸಲು ಶುರುಮಾಡಿದಳು. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು, ಅದೂ ಒಬ್ಬಳಿಗೇ. ಹಾಡಿನ ಅರ್ಧವನ್ನು ಕಿತ್ತು ಹಾಕಿ ಕೇಳಿದ್ದೇವೆ ಎಂದು ಅಲ್ಲಿ ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ.

ಪುಸ್ತಕಗಳಲ್ಲೂ ಆಗಿರುವುದು ಇದೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈರಮ್ಮನವರ ಕಾವ್ಯಗಳನ್ನು ಅಚ್ಚು ಹಾಕಿದ್ದು ದೊಡ್ಡ ಕೆಲಸ. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ, ಜೈಸಿಂಗರಾಜನ ಕಾವ್ಯಗಳು ಇಲ್ಲದಿದ್ದರೆ ಅವರ ಜೊತೆಗೇ ಹೋಗುತ್ತಿದ್ದವು. ಆ ಋಣವನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಕಣ್ಣಿನಿಂದ ಓದುವಾಗ ಇಂಥ ಕಾವ್ಯದ ಪುನರಾವೃತ್ತಿಗಳು ಬೇಸರ ತರಿಸುತ್ತವೆ. ಅದೇ ಬಣ್ಣನೆ, ಅದೇ ಪಯಣ, ಅದೇ ಅಳು. ಓದುಗ ಹಾಳೆ ಹಾರಿಸುತ್ತಾನೆ. ಆದರೆ ಆ ಪುನರಾವೃತ್ತಿ ಪಕ್ಕದವರು ಕೈಹಾಕುವ ಜಾಗ. ಒಂದೇ ಸಾಲು ಮೂರು ಸಲ ಬಂದರೆ ಮೂರು ಗಂಟಲಿನಲ್ಲಿ ಬರುತ್ತದೆ, ಮೂರು ಬೇರೆ ಅರ್ಥಗಳಾಗುತ್ತವೆ. ಅಚ್ಚಿನಲ್ಲಿ ಉಳಿಯುವುದು ಒಂದೇ ಸಾಲಿನ ಮೂರು ಪ್ರತಿ.

ಕುಮಾರರಾಮನ ಕಥೆಯನ್ನೇ ತೆಗೆದುಕೊಳ್ಳಿ. ಕಂಪ್ಲಿಯ ಕಂಪಿಲರಾಯನ ಮಗ, ಕುಮ್ಮಟದುರ್ಗದ ವೀರ. 1327ರ ಸುಮಾರಿಗೆ ದೆಹಲಿಯ ಸೇನೆಗೆ ಬಲಿಯಾದ ರಾಜ್ಯ ಅದು. ಕುರುಗೋಡಿನಿಂದ ಕಂಪ್ಲಿ ಎಷ್ಟು ದೂರ? ದರೋಜಿಯಿಂದ ಎಷ್ಟು ದೂರ? ಕಥೆ ಕೇಳುವವರ ಹೊಲದಂಚಿನಲ್ಲೇ ನಡೆದ ಕಥೆ. ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ 'ರಾಮನಾಥ ಚರಿತೆ'ಯಾಗಿ ಬರೆದ. ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ, ಚೆಂಡು ತರಲು ಹೋದ ರಾಮನನ್ನು ಅವಳು ಬಯಸುತ್ತಾಳೆ, ಅವನು ಒಲ್ಲೆ ಎಂದಾಗ ರಾಜನಿಗೆ ಚಾಡಿ ಹೇಳುತ್ತಾಳೆ. ರಾಜ ಮಗನ ತಲೆ ಕೇಳುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ಬರಹದಲ್ಲಿ ರತ್ನಾಜಿ ಬರೀ ಕೆಟ್ಟ ಹೆಣ್ಣು. ರಾಮನ ಪರನಾರಿ ಸೋದರತನವನ್ನು ಎತ್ತಿ ಹಿಡಿಯಲು ಅವಳು ಬೇಕು, ಅಷ್ಟೇ. ಮೂವರು ಹೆಂಗಸರು ಸೇರಿ ಇದೇ ಭಾಗವನ್ನು ಹಾಡಿದಾಗ ನನಗೆ ಹಾಗೆ ಕೇಳಿಸಲಿಲ್ಲ. ರತ್ನಾಜಿಯ ಬಯಕೆಯ ಸಾಲನ್ನು ಮುಂದಿನಾಕೆ ಹೇಳುತ್ತಾಳೆ, ಪಕ್ಕದವರು ಅದನ್ನು ಎತ್ತಿ ಎಳೆಯುತ್ತಾರೆ. ಎಳೆದಷ್ಟೂ ಆ ಸಾಲಿನಲ್ಲಿ ಮುದಿ ರಾಜನ ಕೈಹಿಡಿದು ಬಂದ ಎಳೆಯ ಹುಡುಗಿಯ ಸಂಕಟ ತುಂಬಿಕೊಳ್ಳುತ್ತದೆ. ಮುಂದಿನಾಕೆ ಕಥೆಯ ನ್ಯಾಯಕ್ಕೆ ತಕ್ಕಂತೆ ಅವಳನ್ನು ಬೈಯುತ್ತಾಳೆ. ಹಿಮ್ಮೇಳ ಬೈಯುವುದಿಲ್ಲ, ಅಳುತ್ತದೆ. ಕಥೆಗೆ ಒಂದು ತೀರ್ಪು, ಹಾಡಿಗೆ ಇನ್ನೊಂದು. ಈ ಎರಡು ತೀರ್ಪುಗಳ ನಡುವಿನ ಜಗ್ಗಾಟ ಅಚ್ಚಿನ ಯಾವ ಪುಟದಲ್ಲೂ ಸಿಗದು. ನನ್ನ ಮಟ್ಟಿಗೆ ಈ ಕಲೆಯ ಅತಿ ಎತ್ತರದ ಜಾಗ ಇದೇ.

ದೋಷಗಳೂ ಇವೆ. ತಾಳದ ನಡೆಗಳು ಕಡಿಮೆ. ಯುದ್ಧದ ಭಾಗಗಳಲ್ಲಿ ಹೆಸರುಗಳ ಪಟ್ಟಿ ಬಂದಾಗ ಮೂವರೂ ಒಂದೇ ಲಯಕ್ಕೆ ಬಿದ್ದುಬಿಡುತ್ತಾರೆ, ಆಗ ಕೇಳುವವರಿಗೂ ದಣಿವು. ಮಾತಿನ ಭಾಗ ಒಮ್ಮೊಮ್ಮೆ ಅಂಕೆ ಮೀರಿ ಬೆಳೆಯುತ್ತದೆ. ಅದೇ ಕರಾವಳಿ ಆಂಧ್ರದ ಷೇಕ್ ನಾಜರ್ ಬುರ್ರಕಥೆಯನ್ನು ವೇದಿಕೆಗೆ ಒಗ್ಗಿಸಿ, ಚುರುಕು ಕೊಟ್ಟು, ರಾಜಕೀಯದ ಮಾತಿಗೂ ಹಾಸ್ಯಕ್ಕೂ ಪಕ್ಕದವರನ್ನು ಬಳಸಿಕೊಂಡರು. ಅವರಿಗೆ 1986ರಲ್ಲಿ ಪದ್ಮಶ್ರೀ ಬಂತು. ಆ ಚುರುಕು ಈರಮ್ಮನವರ ದಾರಿಯದಲ್ಲ. ಅವರದು ನಿಧಾನ, ಎತ್ತಿನ ಬಂಡಿಯ ನಡೆ. ಅಳುವಿಗೆ ಹೇಳಿ ಮಾಡಿಸಿದ್ದು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮನೆಯಲ್ಲಿ ತೆಲುಗು, ಕಥೆಯಲ್ಲಿ ಕನ್ನಡ, ಈ ಜನರ ಬದುಕು ಹಾಗೆ. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆದು ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕಥೆಯವರ ದಾರಿಗೆ ಈ ಗಡಿ ಲೆಕ್ಕಕ್ಕಿರಲಿಲ್ಲ. ಕನ್ನಡದ ಸಾಲು ಸಾಗುತ್ತಿರುವಾಗ ಪಕ್ಕದಾಕೆಯ ಬಾಯಿಂದ ತೆಲುಗಿನ ಒಂದು ಉದ್ಗಾರ ಜಾರಿದರೆ ಸಿರುಗುಪ್ಪದ ಯಾರಿಗೂ ಅದು ಪರಭಾಷೆ ಅನ್ನಿಸುವುದಿಲ್ಲ. ಅಚ್ಚಿಗೆ ಹೋಗುವ ಹೊತ್ತಿಗೆ ಇಂಥವೇ ಮೊದಲು ಕಳಚಿ ಬೀಳುವುದು.

ಹಾಗಾಗಿ ನನ್ನ ಒತ್ತಾಯ ಇಷ್ಟು. ಈ ಕಥೆಗಳನ್ನು ಇಡೀ ರಾತ್ರಿಯ ಅಳತೆಯಲ್ಲೇ ಕೇಳಿಸುವ ಧ್ವನಿಮುದ್ರಣಗಳು ಬರಬೇಕು. ಈಗ ಹಾಡುತ್ತಿರುವ ಮೇಳಗಳ ಮುದ್ರಣವಾಗುವಾಗ ಮೂವರಿಗೂ ಮೈಕು ಬೇಕು, ಮುಖಪುಟದ ಮೇಲೆ ಮೂವರ ಹೆಸರೂ ಬೇಕು. ಸಂಭಾವನೆಯನ್ನು ಸಮನಾಗಿ ಮೂರು ಪಾಲು ಮಾಡಿ ಮೂವರ ಕೈಗೂ ಕೊಡಬೇಕು.

ಕಳೆದ ಸಲ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಹೋದಾಗ ಬುಡ್ಗ ಜಂಗಮರ ಒಬ್ಬ ಮುದುಕಿ ಸಿಕ್ಕಳು. ಕಾಯಂ ಎಡಗಡೆ ನಿಂತು ಹಾಡಿದವಳು. ಮುಂದಿನಾಕೆ ತೀರಿಕೊಂಡು ಮೇಳ ಒಡೆದಿತ್ತು. "ನಿಮ್ಮ ಪಾಲಿನದಷ್ಟೇ ಹಾಡಬೇ" ಎಂದು ಕೇಳಿದೆ. ಮೊದಲು ನಾಚಿದಳು, ಆಮೇಲೆ ಒಲೆಯ ಮುಂದೆ ವಾದ್ಯದ ಚರ್ಮ ಕಾಸಿದಳು, ಬೆರಳಿನಿಂದ ತಟ್ಟಿ ನೋಡಿದಳು, ಮತ್ತೆ ಕಾಸಿದಳು. ಸಾಲಿನ ಬಾಲ ಮಾತ್ರ ಹಾಡಿ ಸುಮ್ಮನಾಗುತ್ತಿದ್ದಳು. ಮುಂದಿನಾಕೆಯ ಸಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಪೆಟ್ಟು ಹಾಕುತ್ತಾ ಕಾಯುತ್ತಿದ್ದಳು, ತಲೆ ಬಲಕ್ಕೆ ವಾಲಿಸಿ. ಒಂದು ತಾಸು ಹೀಗೇ ನಡೆಯಿತು. ಬಾಲನಾಗಮ್ಮನ ಕಥೆ ಅದು. ನಡುನಡುವೆ ಆಕೆ ಬಿಟ್ಟ ಜಾಗಗಳಲ್ಲೇ ಇಡೀ ಕಥೆ ನನಗೆ ತಿಳಿಯುತ್ತಾ ಹೋಯಿತು.