ಗೋಧಿ ಹೊಲದ ಗ್ರಹಣ ಓದುವ ಬಗೆ

ಪೈರಿನಲ್ಲಿ ಅರ್ಧಚಂದ್ರದ ಆಕಾರ ಕಂಡರೆ ಮೊದಲು ಅದರ ಎರಡು ಕೊಂಬುಗಳನ್ನು ನೋಡಿ. ಆಕಾಶದಲ್ಲಿ ಬಿದಿಗೆ ಚಂದ್ರನ ಕೊಂಬುಗಳು ಯಾವಾಗಲೂ ವ್ಯಾಸದ ಎರಡು ತುದಿಗಳಲ್ಲಿಯೇ ಇರುತ್ತವೆ, ಒಳ ಅಂಚು ದೀರ್ಘವೃತ್ತದ ಅರ್ಧ. ಸೂರ್ಯಗ್ರಹಣದಲ್ಲಿ ಹಾಗಲ್ಲ. ಅಲ್ಲಿ ಒಳ ಅಂಚು ಎಂದರೆ ಚಂದ್ರಬಿಂಬದ ಅಂಚೇ. ಹಾಗಾಗಿ ಅದು ವೃತ್ತದ ತುಂಡು. ಬಿಂಬಗಳೆರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಸ್ಪರ್ಶಕಾಲದಲ್ಲಿ ಕೊಂಬುಗಳು ಒಂದಕ್ಕೊಂದು ಹತ್ತಿರವಿದ್ದು, ಗ್ರಹಣ ಏರಿದಂತೆ ದೂರ ಸರಿಯುತ್ತವೆ. ಹೊಲದ ಪೈರನ್ನು ಮಲಗಿಸಿ ಮೂಡಿಸುವ ಚಿತ್ತಾರಗಳಲ್ಲಿ, ಅಂದರೆ ಕ್ರಾಪ್ ಸರ್ಕಲ್‌ಗಳಲ್ಲಿ, ಗ್ರಹಣವನ್ನೂ ಪಂಚಾಂಗವನ್ನೂ ಹುಡುಕುವ ರಸಿಕರಿಗೆ ಇದು ಮೊದಲ ಪಾಠ.

ಎರಡನೆಯದು, ಆ ಆಕಾರ ಹೊಲಕ್ಕೆ ಬಂದ ಬಗೆ. ಒಂದು ಗೂಟ, ಅದಕ್ಕೊಂದು ಹಗ್ಗ, ಪೈರನ್ನು ಒತ್ತಿ ಮಲಗಿಸಲು ಒಂದು ಹಲಗೆ, ಸಲಕರಣೆ ಇಷ್ಟೇ. ದಕ್ಷಿಣ ಇಂಗ್ಲೆಂಡಿನ ಹೊಲಗಳಲ್ಲಿ 1970ರ ದಶಕದ ಕೊನೆಯಿಂದ ವೃತ್ತಗಳನ್ನು ಮಾಡಿದವರು ತಾವು ಎಂದು ಸೌತಾಂಪ್ಟನ್ನಿನ ಡಗ್ ಬವರ್ ಮತ್ತು ಡೇವ್ ಚಾರ್ಲಿ ಎಂಬ ಗೆಳೆಯರು 1991ರಲ್ಲಿ ‘ಟುಡೇ’ ಪತ್ರಿಕೆಗೆ ಹೇಳಿದರು, ಮಾಡಿಯೂ ತೋರಿಸಿದರು. ಜಾನ್ ಲಂಡ್‌ಬರ್ಗ್, ರಾಬ್ ಇರ್ವಿಂಗ್ ಮುಂತಾದವರು ಅದನ್ನೊಂದು ಕಲೆಯಾಗಿ ಬೆಳೆಸಿದರು. 2001ರ ಆಗಸ್ಟ್‌ನಲ್ಲಿ ವಿಲ್ಟ್‌ಶೈರ್‌ನ ಮಿಲ್ಕ್ ಹಿಲ್ ಮೇಲೆ ಕಂಡ ಆರು ತೋಳಿನ ಚಿತ್ತಾರದಲ್ಲಿ 409 ವೃತ್ತಗಳಿದ್ದವು, ಅಡ್ಡಗಲ ಸುಮಾರು 240 ಮೀಟರ್. ಇವು ಮನುಷ್ಯರ ಕೈಕೆಲಸ ಎಂದು ತಿಳಿದ ಮೇಲೆ ಆಸಕ್ತಿ ಬತ್ತಿಹೋಯಿತು ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳ ಲೆಕ್ಕ ತಿಳಿದವರಿಗೇ ಎಳೆಯ ಜಾಣ್ಮೆ ಕಾಣುವುದು. ಇಲ್ಲೂ ಹಾಗೆಯೇ, ಕತ್ತಲಲ್ಲಿ ಗೂಟ ಎಲ್ಲಿ ನೆಟ್ಟರು, ಹಗ್ಗ ಎಷ್ಟು ಉದ್ದ ಬಿಟ್ಟರು ಎಂದು ಊಹಿಸತೊಡಗಿದಾಗಲೇ ಚಿತ್ತಾರ ಬಿಡಿಸಿಕೊಳ್ಳತೊಡಗುತ್ತದೆ.

ಈಗ ಎರಡೂ ಪಾಠಗಳನ್ನು ಕೂಡಿಸಿ ನೋಡಿ. ಗೂಟ, ಹಗ್ಗದಿಂದ ವೃತ್ತ ಬರೆಯುವುದು ಸಲೀಸು. ದೀರ್ಘವೃತ್ತಕ್ಕೆ ಎರಡು ಗೂಟ ನೆಟ್ಟು ಹಗ್ಗವನ್ನು ಬಿಗಿಯಾಗಿ ಆಡಿಸಬೇಕು. ಆದ್ದರಿಂದ ಹೊಲದಲ್ಲಿ ಹಗ್ಗ ಹಿಡಿದು ಬರೆದ ಅರ್ಧಚಂದ್ರಗಳು ಬಿದಿಗೆ ಚಂದ್ರನಂತಿರದೆ ಗ್ರಹಣ ಹಿಡಿದ ಸೂರ್ಯನಂತೆಯೇ ಕಾಣುತ್ತವೆ. ಅದು ಸಲಕರಣೆಯ ಗುಣ, ಆಕಾಶದ ಸಂದೇಶವಲ್ಲ. ಬಿಡಿ ಅರ್ಧಚಂದ್ರವನ್ನು ಹಿಡಿದುಕೊಂಡು ಗ್ರಹಣದ ಮಾತಾಡಬೇಡಿ. ಒಂದೇ ಗಾತ್ರದ ಬಿಂಬಗಳು ಸಾಲಾಗಿದ್ದು, ಕೊಂಬುಗಳು ಹಂತಹಂತವಾಗಿ ಅಗಲವಾಗುತ್ತಾ ಹೋದರೆ ಮಾತ್ರ ಮಾಡಿದವರು ಗ್ರಹಣವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು ಎನ್ನಬಹುದು.

1999ರ ಬೇಸಿಗೆ ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ಆಗಸ್ಟ್ 11ರಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಖಗ್ರಾಸ ಸೂರ್ಯಗ್ರಹಣ. ಅದೇ ನೆರಳು ನಮ್ಮ ಸಂಜೆಯ ಹೊತ್ತಿಗೆ ಗುಜರಾತಿನಿಂದ ಭಾರತವನ್ನು ಹಾದು ಬಂಗಾಳ ಕೊಲ್ಲಿಯಲ್ಲಿ ಸೂರ್ಯಾಸ್ತದೊಂದಿಗೆ ಮುಗಿಯಿತು. ಅದಕ್ಕೆ ಮೊದಲೇ, ಮೇ ತಿಂಗಳಲ್ಲಿ, ಹ್ಯಾಂಪ್‌ಶೈರ್‌ನ ಮಿಡಲ್ ವಾಲಪ್ ಬಳಿ ಹಳದಿ ಹೂವಿನ ರೇಪ್‌ಸೀಡ್ ಹೊಲದಲ್ಲಿ ಉದ್ದಕ್ಕೆ ಹಬ್ಬಿದ ಚಿತ್ತಾರವೊಂದು ಮೂಡಿತು, ನೋಡಿದವರು ಅದನ್ನು ಗ್ರಹಣವೆಂದೇ ಓದಿದರು. ಕೆಲವರು ಭವಿಷ್ಯವಾಣಿ ಎಂದರು. ಗ್ರಹಣದ ತಾರೀಖು ಎಷ್ಟೋ ವರ್ಷ ಮೊದಲೇ ಲೆಕ್ಕವಾಗಿ ಎಲ್ಲರಿಗೂ ಗೊತ್ತಿರುತ್ತದೆ. ಇಡೀ ದೇಶ ಕಾಯುತ್ತಿದ್ದ ಆ ಘಳಿಗೆಯನ್ನು ಅಲ್ಲಿಯ ಕಲೆಯೂ ಕಾಯುತ್ತಿತ್ತು ಎಂದು ಓದುವುದೇ ನನಗೆ ಸರಿಯೆನಿಸುತ್ತದೆ.

ಒಂದು ಚಿತ್ತಾರವನ್ನು ಪೂರ್ತಿ ಓದಿ ನೋಡೋಣ. 2008ರ ಜೂನ್‌ನಲ್ಲಿ ವಿಲ್ಟ್‌ಶೈರ್‌ನ ಬಾರ್ಬರಿ ಕ್ಯಾಸಲ್ ಎಂಬ ಹಳೆಯ ಗುಡ್ಡದ ಕೋಟೆಯ ಬಳಿ, ಬಾರ್ಲಿ ಹೊಲದಲ್ಲಿ ಒಂದು ಸುರುಳಿ ಕಂಡಿತು. ಅದು ನುಣುಪಾದ ಸುರುಳಿಯಲ್ಲ, ಅಲ್ಲಲ್ಲಿ ಗಕ್ಕನೆ ಹೊರಕ್ಕೆ ಜಿಗಿಯುತ್ತಿತ್ತು. ಅದರ ಗುಟ್ಟನ್ನು ಬಿಡಿಸಿದವರು ಮೈಕೆಲ್ ರೀಡ್ ಎಂಬ ಖಭೌತಶಾಸ್ತ್ರಜ್ಞ. ವೃತ್ತವನ್ನು 36 ಡಿಗ್ರಿಯ ಹತ್ತು ಸಮಭಾಗ ಮಾಡಿ. ನಡುವಿನಿಂದ ಹೊರಟು, ಪ್ರತಿ ಜಿಗಿತಕ್ಕೆ ಮೊದಲು ಸುರುಳಿ ಎಷ್ಟು ಭಾಗ ದಾಟಿತು ಎಂದು ಎಣಿಸಿ. ಮೂರು, ಆಮೇಲೆ ಒಂದು, ನಾಲ್ಕು, ಒಂದು, ಐದು, ಒಂಬತ್ತು, ಎರಡು, ಆರು, ಐದು, ನಾಲ್ಕು. ಮೊದಲ ಜಿಗಿತದ ಬಳಿ ಪುಟ್ಟ ವೃತ್ತವೊಂದಿದೆ, ಅದು ದಶಮಾಂಶ ಬಿಂದು. 3.141592654, ಪೈ! ಅಂಕಿಗಳನ್ನು ಕೂಡಿಸಿದರೆ 40, ಹತ್ತು ಭಾಗದ ವೃತ್ತದಲ್ಲಿ ಸರಿಯಾಗಿ ನಾಲ್ಕು ಸುತ್ತು. ಹಾಗಾಗಿ ಸುರುಳಿ ಹೊರಟ ಗೆರೆಯ ಮೇಲೆಯೇ ಬಂದು ನಿಲ್ಲುತ್ತದೆ. ಕೊನೆಯ ಅಂಕಿಯನ್ನು ಗಮನಿಸಿ. ಪೈ ಮುಂದುವರಿಯುವುದು 5358 ಎಂದು, ಚಿತ್ತಾರದಲ್ಲಿರುವುದು 54. ಕ್ಯಾಲ್ಕುಲೇಟರ್‌ನಂತೆ ಕೊನೆಯ ಸ್ಥಾನವನ್ನು ಮೇಲಕ್ಕೆ ಸರಿಪಡಿಸಿದ್ದಾರೆ. ಹತ್ತರ ಲೆಕ್ಕ, ದಶಮಾಂಶ ಬಿಂದು, ಈ ತಿದ್ದುಪಡಿ, ಮೂರರಲ್ಲೂ ಮನುಷ್ಯನ ಕೈ ಎದ್ದು ಕಾಣುತ್ತದೆ. ಇದುವರೆಗೆ ಬಂದ ಓದುಗಳಲ್ಲಿ ಇದು ಅತ್ಯುತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಯಾರು ಎಣಿಸಿದರೂ ಬರುವುದು ಇದೇ ಉತ್ತರ.

ಗ್ರಹಗಳ ಓದು ಇಷ್ಟು ಸುಲಭವಲ್ಲ. 1995ರಲ್ಲಿ ಹ್ಯಾಂಪ್‌ಶೈರ್‌ನ ಲಾಂಗ್‌ವುಡ್ ವಾರೆನ್‌ನಲ್ಲಿ ಸೂರ್ಯ, ಬುಧ, ಶುಕ್ರ, ಮಂಗಳ ಮತ್ತು ಅವುಗಳಾಚೆ ಕ್ಷುದ್ರಗ್ರಹಗಳ ಸರದ ಚಿತ್ತಾರ ಕಂಡಿತು. ಭೂಮಿಯ ಕಕ್ಷೆ ಇತ್ತು, ಭೂಮಿ ಇರಲಿಲ್ಲ. ಈ ಗ್ರಹಸ್ಥಿತಿ ಯಾವ ದಿನದ್ದು ಎಂದು ಹುಡುಕುವವರು ಒಂದು ಸರಳ ಲೆಕ್ಕವನ್ನು ಮರೆಯಬಾರದು. ಮಲಗಿದ ಪೈರಿನಲ್ಲಿ ಹತ್ತು ಡಿಗ್ರಿ ಆಚೀಚೆ ಆಗುವುದು ಸಹಜ. ಮೂರು ಗ್ರಹಗಳ ನಡುವೆ ಎರಡು ಕೋನ, ಒಂದೊಂದೂ ಹೊಂದುವ ಸಂಭವ 18ರಲ್ಲಿ 1, ಎರಡೂ ಕೂಡಿ ಹೊಂದುವ ಸಂಭವ 324ರಲ್ಲಿ 1. ಒಂದು ಶತಮಾನದ 36,525 ದಿನಗಳಲ್ಲಿ ನೂರಕ್ಕೂ ಹೆಚ್ಚು ದಿನ ಹೊಂದಿಕೊಂಡುಬಿಡುತ್ತವೆ! ಅವುಗಳಲ್ಲಿ ಮನಸ್ಸಿಗೆ ಒಪ್ಪಿದ ತಾರೀಖನ್ನು ಆರಿಸಿಕೊಂಡರೆ ಅದು ಓದು ಎನಿಸುವುದಿಲ್ಲ.

ಜ್ಯೋತಿಷ್ಯ ಬಲ್ಲವರು ಇನ್ನೊಂದು ಸೂಕ್ಷ್ಮ ಗಮನಿಸಬೇಕು. ಈ ಚಿತ್ತಾರಗಳ ನಡುವೆ ಇರುವವನು ಸೂರ್ಯ. ಜಾತಕ ಬರೆಯುವುದು ಭೂಮಿಯಿಂದ ಕಂಡಂತೆ. ಹೊಲದ ಗ್ರಹಗಳನ್ನು ರಾಶಿಗಳಲ್ಲಿ ಕೂರಿಸಬೇಕಾದರೆ ಮೊದಲು ಭೂಮಿಯಿಂದ ಒಂದೊಂದು ಗ್ರಹಕ್ಕೂ ಗೆರೆ ಎಳೆಯಬೇಕು. ಭೂಮಿಯೇ ಇಲ್ಲದ ಲಾಂಗ್‌ವುಡ್ ಚಿತ್ತಾರದಿಂದ ಕುಂಡಲಿ ಹಾಕಲು ಬರುವುದಿಲ್ಲ. ಲಗ್ನವಿಲ್ಲ, ರಾಹು ಕೇತುಗಳೂ ಇಲ್ಲ.

2008ರ ಜುಲೈನಲ್ಲಿ ಅವೆಬರಿ ಮ್ಯಾನರ್ ಬಳಿ ಮೂಡಿದ ಸೌರಮಂಡಲದ ವಿಷಯ ಬೇರೆ. ಅದರಲ್ಲಿ ಪ್ಲೂಟೊ ಸೇರಿ ಒಂಬತ್ತು ಗ್ರಹಗಳು. ನೋಡಿದವರು ಅದನ್ನು 2012ರ ಡಿಸೆಂಬರ್ 21ರ ಆಸುಪಾಸಿನ ಸ್ಥಿತಿ ಎಂದು ಓದಿದರು. ಇಷ್ಟು ಗ್ರಹಗಳಿದ್ದಾಗ ಓದು ಗಟ್ಟಿಯಾಗುತ್ತದೆ. ಗುರು ಶನಿಗಳು ವರ್ಷವನ್ನು ಹಿಡಿದುಕೊಡುತ್ತವೆ, ಬುಧ ಶುಕ್ರರು ದಿನವನ್ನು. ಆ ತಾರೀಖನ್ನೇ ಆರಿಸಿಕೊಂಡದ್ದು ಮಧ್ಯ ಅಮೆರಿಕದ ಮಾಯಾ ಜನರ ದೀರ್ಘಗಣನೆ ಎಂಬ ದಿನಗಣನೆಯಿಂದಾಗಿ. 18,72,000 ದಿನಗಳ ಆವರ್ತ ಅಂದು ಪೂರ್ಣವಾಗುತ್ತಿತ್ತು. ಅಂದು ಪ್ರಳಯವಾಗುತ್ತದೆ ಎಂಬ ಗಾಬರಿ ಹುಟ್ಟಿಸಿದವರು ಹೊರಗಿನವರು. ಅಂದು ನಡೆದದ್ದು ಎಣಿಕೆಯ ಒಂದು ಸುತ್ತು ಮುಗಿದು ಇನ್ನೊಂದು ಶುರುವಾದದ್ದು, ನಮ್ಮಲ್ಲಿ ಅರವತ್ತು ಸಂವತ್ಸರ ಮುಗಿದು ಮತ್ತೆ ಪ್ರಭವ ಬರುತ್ತದಲ್ಲ, ಹಾಗೆ. ಇನ್ನು ಪಾಶ್ಚಾತ್ಯರ ಸಾಯನ ಗಣನೆಯಲ್ಲಿ ಅಂದು ಸೂರ್ಯ ಮಕರಕ್ಕೆ ಕಾಲಿಟ್ಟ. ನಮ್ಮ ನಿರಯನ ಪಂಚಾಂಗದಲ್ಲಿ ಅವನಿನ್ನೂ ಧನುವಿನಲ್ಲಿದ್ದ, ಸಂಕ್ರಾಂತಿಗೆ ಮೂರು ವಾರ ಬಾಕಿ. ನಡುವೆ ಸುಮಾರು 24 ಡಿಗ್ರಿ ಅಯನಾಂಶ. ಇಂಗ್ಲಿಷ್ ಪುಸ್ತಕದ ರಾಶಿಫಲವನ್ನು ನಮ್ಮ ಪಂಚಾಂಗಕ್ಕೆ ತಂದು ಹಚ್ಚಿದರೆ ಹೆಚ್ಚಿನ ಗ್ರಹಗಳು ಒಂದು ಮನೆ ತಪ್ಪುತ್ತವೆ.

‘ಮಾಯಾ ಕ್ಯಾಲೆಂಡರ್’ ಎಂದು ಹೆಸರಾದ ಚಿತ್ತಾರವೂ ಒಂದಿದೆ, 2004ರ ಆಗಸ್ಟ್‌ನಲ್ಲಿ ಸಿಲ್ಬರಿ ಹಿಲ್ ಬಳಿ ಬಂದದ್ದು. ಬಳೆಬಳೆಯಾಗಿ ತುಂಬಿದ ದೊಡ್ಡ ಚಕ್ರ. ಇಂಥ ಚಕ್ರ ನೆನಪಿಸುವುದು ಮೆಕ್ಸಿಕೊ ನಗರದ ಮ್ಯೂಸಿಯಮ್ಮಿನಲ್ಲಿರುವ ಆಜ್‌ಟೆಕ್ ಸೂರ್ಯಶಿಲೆಯನ್ನು. ಮಾಯಾ ಶಾಸನಗಳಲ್ಲಿ ದಿನಗಣನೆ ಸಾಮಾನ್ಯವಾಗಿ ಕಂಬಸಾಲಿನಲ್ಲಿರುತ್ತದೆ. ಒಂದಕ್ಕೆ ಚುಕ್ಕಿ, ಐದಕ್ಕೆ ಗೀಟು. ಅವರ ನಿಜವಾದ ಗ್ರಹಣಜ್ಞಾನ ನೋಡಬೇಕಿದ್ದರೆ ಡ್ರೆಸ್‌ಡನ್ ಹಸ್ತಪ್ರತಿ ಎಂಬ ಮಾಯಾ ಗ್ರಂಥದ ಗ್ರಹಣಪಟ್ಟಿಗೆ ಹೋಗಬೇಕು: 405 ಚಾಂದ್ರಮಾಸ, 11,960 ದಿನ, ಅಂದರೆ ಅವರ 260 ದಿನಗಳ ಪವಿತ್ರ ವರ್ಷದ ಸರಿಯಾಗಿ 46 ಸುತ್ತು. ಸೂರ್ಯ ರಾಹುವಿನಿಂದ ಕೇತುವಿಗೆ ಬರಲು ಹಿಡಿಯುವುದು 173.31 ದಿನ, ಅದರ ಮೂರು ಪಟ್ಟು 519.93. ಎರಡು ಪವಿತ್ರ ವರ್ಷ ಸೇರಿದರೆ 520! ಈ ಹೊಂದಾಣಿಕೆ ಕಂಡಾಗ ಆಗುವ ಆನಂದ ಇನ್ನಾವ ಊಹೆಯಿಂದಲೂ ಸಿಗದು. ಹೊಲದ ಚಿತ್ತಾರದಲ್ಲಿ 13, 20, 260ರಂಥ ಎಣಿಕೆ ನಿಜವಾಗಿ ಸಿಕ್ಕರೆ ಮಾತ್ರ ಮಾಯಾ ಹೆಸರು ಎತ್ತಿ.

ಎಣಿಸಿ ಓದುವ ದಾರಿಯಲ್ಲಿ ಹಿಂದೆ ನಡೆದವರು ಜೆರಾಲ್ಡ್ ಹಾಕಿನ್ಸ್. ಇಂಗ್ಲೆಂಡಿನ ಪ್ರಾಚೀನ ಕಲ್ಲುವೃತ್ತ ಸ್ಟೋನ್‌ಹೆಂಜ್‌ನಲ್ಲಿರುವ, ಆಬ್ರಿ ಎಂದು ಹೆಸರಾದ 56 ಗುಳಿಗಳು ಗ್ರಹಣ ಲೆಕ್ಕ ಹಾಕುವ ಸಾಧನ ಎಂದು 1960ರ ದಶಕದಲ್ಲಿ ವಾದಿಸಿದ ಖಗೋಳಜ್ಞ ಅವರು. ರಾಹು ಕೇತುಗಳ ಒಂದು ಸುತ್ತು 18.61 ವರ್ಷ, ಮೂರು ಸುತ್ತಿಗೆ ಹತ್ತಿರಹತ್ತಿರ 56. ಆ ವಾದವನ್ನು ಪುರಾತತ್ವಜ್ಞರು ಪೂರ್ತಿ ಒಪ್ಪಲಿಲ್ಲ, ಗುಳಿಗಳಲ್ಲಿ ಸಿಕ್ಕಿದ್ದು ಸುಟ್ಟ ಮೂಳೆಗಳು. ಮುಂದೆ ಅದೇ ಹಾಕಿನ್ಸ್ ಪೈರಿನ ಚಿತ್ತಾರಗಳನ್ನು ಅಳೆದು ಅವುಗಳಲ್ಲಿ ರೇಖಾಗಣಿತದ ಪ್ರಮೇಯಗಳನ್ನು ತೋರಿಸಿಕೊಟ್ಟರು. ಅವರ ತೀರ್ಮಾನಗಳನ್ನು ಬಿಟ್ಟರೂ ಅಳತೆಪಟ್ಟಿ ಹಿಡಿದು ಶುರುಮಾಡುವ ಅವರ ಕ್ರಮವನ್ನು ಬಿಡಬೇಡಿ.

ಇಂಥ ಚಿತ್ತಾರಗಳನ್ನು ಕಣ್ಣಾರೆ ನೋಡಬಯಸುವ, ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಸ್ವಿಂಡನ್ ತನಕ ರೈಲು, ಅಲ್ಲಿಂದ ಅವೆಬರಿಗೆ ಬಸ್ಸು. ಏಪ್ರಿಲ್, ಮೇನಲ್ಲಿ ರೇಪ್‌ಸೀಡ್, ಜೂನ್‌ನಲ್ಲಿ ಬಾರ್ಲಿ, ಜುಲೈನಿಂದ ಗೋಧಿ. ಕೊಯ್ಲು ಬಂದರೆ ಚಿತ್ತಾರವೂ ಹೋಯಿತು. ಆದಷ್ಟೂ ಗುಡ್ಡದ ಮೇಲಿನಿಂದ ನೋಡಿ, ಕಾಗದದ ಮೇಲೆ ಬರೆದುಕೊಂಡು ಎಣಿಸಿ. ಒಳಗೆ ಹೋಗಲೇಬೇಕೆಂದರೆ ರೈತನ ಅನುಮತಿ ಕೇಳಿ, ಟ್ರ್ಯಾಕ್ಟರ್ ಗಾಲಿಯ ಜಾಡಿನಲ್ಲೇ ನಡೆಯಿರಿ, ಗೇಟಿನ ಬಳಿ ಕಾಣಿಕೆ ಡಬ್ಬಿ ಇಟ್ಟಿದ್ದರೆ ಹಣ ಹಾಕಿ. ಮಲಗಿರುವುದು ಅವನ ಬೆಳೆ.