ಇಟ್ಟಿಗೆ ಕಾಣದ ವಿಯೆನ್ನಾ

ಇತಿಹಾಸಕಾರ ಕಾರ್ಲ್ ಷೋರ್ಸ್ಕಿಯವರ ‘ಫ್ಯಾನ್-ದ-ಸಿಯೆಕಲ್ ವಿಯೆನ್ನಾ’ 1980ರಲ್ಲಿ ಬಂತು, ಮರುವರ್ಷವೇ ಪುಲಿಟ್ಜರ್ ಪಡೆಯಿತು. ಅಲ್ಲಿಂದೀಚೆಗೆ 1900ರ ಆಸುಪಾಸಿನ ವಿಯೆನ್ನಾ ಎಂದರೆ ಈ ಪುಸ್ತಕವೇ ಎಂಬಂತಾಗಿದೆ. ಫ್ರಾಯ್ಡ್, ಕ್ಲಿಮ್ಟ್, ಷೋನ್‌ಬರ್ಗ್ ಯಾರೆಂದು ಇಲ್ಲಿ ಹೇಳಬೇಕಿಲ್ಲ. ವಾದವೂ ಗೊತ್ತಿರುವುದೇ: ಉದಾರವಾದಿ ಅಪ್ಪಂದಿರು ರಾಜಕೀಯದಲ್ಲಿ ಸೋತರು, ಮಕ್ಕಳು ಕಲೆಯೊಳಕ್ಕೂ ಮನಸ್ಸಿನೊಳಕ್ಕೂ ಸರಿದರು. ಇಷ್ಟು ಅಚ್ಚುಕಟ್ಟಾದ ವಾದವನ್ನು ನಂಬಲು ನನಗೆ ಕಷ್ಟ.

ಪುಸ್ತಕದ ಜೀವಾಳ ರಿಂಗ್‌ಸ್ಟ್ರಾಸೆಯ ಅಧ್ಯಾಯ. 1857ರ ಕೊನೆಯಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಹಳೆಯ ಕೋಟೆಗೋಡೆ ಕೆಡವಲು ಆಜ್ಞೆ ಹೊರಡಿಸಿದ. ತೆರವಾದ ಬಯಲಲ್ಲಿ ಊರಿನ ಸುತ್ತ ಈ ಬೀದಿ ಎದ್ದಿತು. ಷೋರ್ಸ್ಕಿ ಇಲ್ಲಿ ಮಾಡುವುದು ಕಟ್ಟಡಗಳ ಮುಖ ಓದುವ ಕೆಲಸ. ಸಂಸತ್ತಿಗೆ ಗ್ರೀಕ್ ಕಂಬ, ನಗರಸಭೆಗೆ ಗಾಥಿಕ್ ಗೋಪುರ, ವಿಶ್ವವಿದ್ಯಾಲಯಕ್ಕೆ ರಿನೈಸಾನ್ಸ್, ನಾಟಕಶಾಲೆಗೆ ಬರೋಕ್: ಒಂದೊಂದೂ ಉದಾರವಾದಿಗಳು ತೊಟ್ಟ ಒಂದೊಂದು ವೇಷ. ಈ ಕಟ್ಟಡಗಳು ಒಂದನ್ನೊಂದು ನೋಡದೆ ಬೀದಿಯನ್ನೇ ನೋಡುತ್ತವೆ ಎಂಬ ಅವರ ಮಾತು ಕಣ್ಣು ತೆರೆಸುವಂಥದು. ಕ್ಲಿಮ್ಟ್ ಅಧ್ಯಾಯವೂ ಸೊಗಸಾಗಿದೆ, ಒಪ್ಪೋಣ. ಆದರೆ ಆ ಮುಖಗಳ ಹಿಂದಿನ ಇಟ್ಟಿಗೆ ಎಲ್ಲಿಂದ ಬಂತು?

ನಗರದ ದಕ್ಷಿಣಕ್ಕಿದ್ದ ವೀನರ್‌ಬರ್ಗ್‌ನ ಗೂಡುಗಳಿಂದ. ಬೊಹೀಮಿಯಾ, ಮೊರಾವಿಯಾಗಳಿಂದ ವಲಸೆ ಬಂದ ಚೆಕ್ ಕೂಲಿಗಳು ಅಲ್ಲಿ ಇಟ್ಟಿಗೆ ಹಾಕಿ ಸುಟ್ಟರು. ಕೂಲಿಗೆ ಹಣದ ಬದಲು ತಗಡಿನ ಬಿಲ್ಲೆ. ಅದು ನಡೆಯುತ್ತಿದ್ದುದು ಅಲ್ಲಿನ ಅಂಗಡಿಯಲ್ಲಿ ಮಾತ್ರ, ಬೆಲೆಯೋ ಹೊರಗಿಗಿಂತ ಹೆಚ್ಚು. 1888ರಲ್ಲಿ ವಿಕ್ಟರ್ ಆಡ್ಲರ್ ಎಂಬ ವೈದ್ಯ ಗುಟ್ಟಾಗಿ ಒಳಹೊಕ್ಕು, ಕಂಡದ್ದನ್ನೆಲ್ಲ ತನ್ನ ‘ಗ್ಲೈಖ್‌ಹೈಟ್’ ಪತ್ರಿಕೆಯಲ್ಲಿ ಬರೆದ. ಷೋರ್ಸ್ಕಿಯಲ್ಲೂ ಆಡ್ಲರ್ ಬರುತ್ತಾನೆ, ಬೇರೆ ದೊಡ್ಡವರ ಕಥೆಯಲ್ಲಿ ಬದಿಯ ಪಾತ್ರವಾಗಿ.

ಇನ್ನೂ ಕೆಣಕುವುದು ವಾಸ್ತುಶಿಲ್ಪಿ ಕಮಿಲ್ಲೊ ಸಿಟ್ಟೆಯ ಪ್ರಸಂಗ. ಹೊಸ ಬೀದಿ, ಚೌಕಗಳ ವೈಶಾಲ್ಯ ಜನರಲ್ಲಿ ಬಯಲಿನ ಭಯ ಹುಟ್ಟಿಸುತ್ತದೆ, ಹಳೆಯ ಊರುಗಳ ಮುಚ್ಚಿದ ಚೌಕಗಳಿಂದ ಕಲಿಯೋಣ ಎಂದು ಆತ 1889ರಲ್ಲಿ ಬರೆದ. ಷೋರ್ಸ್ಕಿ ಆ ಭಯವನ್ನು ಹಿಗ್ಗಿಸಿ ಒಂದು ಯುಗದ ಲಕ್ಷಣವಾಗಿಸುತ್ತಾರೆ. ಎದುರಿಗೆ ಇನ್ನೊಬ್ಬ ವಾಸ್ತುಶಿಲ್ಪಿ ಆಟ್ಟೊ ವಾಗ್ನರ್‌ನ ವೇಗದ ಮೋಹವನ್ನು ನಿಲ್ಲಿಸುತ್ತಾರೆ. ಭಯ ಯಾರದು? ಒಟ್ಟಾಕ್ರಿಂಗ್‌ನಂಥ ಹೊರವಲಯದಲ್ಲಿ ಕೆಲವು ಗಂಟೆಗಳ ಮಟ್ಟಿಗೆ ಹಾಸಿಗೆ ಬಾಡಿಗೆ ಹಿಡಿದು, ಇನ್ನೊಬ್ಬ ಎದ್ದ ಮೇಲೆ ಅದರಲ್ಲೇ ಮಲಗುತ್ತಿದ್ದವನಿಗೆ ಬಯಲು ಕಂಡರೆ ಭಯವೆ? ಇಕ್ಕಟ್ಟಿನ ಸೊಬಗನ್ನು ಅವನಿಗೆ ಯಾರಾದರೂ ಹೇಳಿಕೊಡಬೇಕಿತ್ತೆ?

ಷೋರ್ಸ್ಕಿಯನ್ನು ಟೀಕಿಸಿದವರು ಇದನ್ನು ಕೇಳಿದ್ದರೆ ಸಮಾಧಾನವಿರುತ್ತಿತ್ತು. ಈ ಸಂಸ್ಕೃತಿಯನ್ನು ಬರೀ ವರ್ಗದ ಕಣ್ಣಲ್ಲಿ ನೋಡಿ ಅದರ ಯಹೂದಿ ಬೇರನ್ನು ಮಸುಕಾಗಿಸಲಾಗಿದೆ ಎಂದು ಸ್ಟೀವನ್ ಬೆಲ್ಲರ್ 1989ರಲ್ಲಿ ವಾದಿಸಿದರು. ಜಿಮ್ನೇಸಿಯಂ ಶಾಲೆಗಳ ದಾಖಲೆಗಳನ್ನು ಎಣಿಸಿಯೂ ತೋರಿಸಿದರು. ಆಕ್ಷೇಪ ಸರಿಯೇ. ಆದರೆ ಇಟ್ಟಿಗೆಗೂಡಿನ ಮಕ್ಕಳಲ್ಲಿ ಜಿಮ್ನೇಸಿಯಂ ಮೆಟ್ಟಿಲು ಹತ್ತಿದವರು ಯಾರು? ಒಂದೇ ಪಡಸಾಲೆಯಲ್ಲಿ ಕೂತವರು ಯಾವ ಕುರ್ಚಿ ಯಾರದೆಂದು ಆಡುವ ಜಗಳ ಇದು. ಮಾಡರ್ಥಾನರ್ ಮತ್ತು ಮುಸ್ನರ್ 1999ರಲ್ಲಿ, 1911ರ ಬೆಲೆಯೇರಿಕೆ ದಂಗೆಯನ್ನು ಮುಂದಿಟ್ಟುಕೊಂಡು, ಹೊರವಲಯದ ವಿಯೆನ್ನಾವನ್ನು ಬರೆದರು. ಪಂಡಿತರು ಅದನ್ನು ಪಕ್ಕದ ಕಪಾಟಿಗೆ ಸರಿಸಿ, ಮತ್ತೆ ಕ್ಲಿಮ್ಟ್‌ನ ಚಿನ್ನದ ರೇಕಿಗೆ ಮರಳಿದರು.

ಎಲ್ಲರೂ ಒಳಗೆ ಸರಿದರೆಂಬ ಕಾಲದಲ್ಲೇ, 1890ರ ಮೇ 1ರಂದು, ಕಾರ್ಮಿಕರು ಪ್ರಾಟರ್ ಉದ್ಯಾನಕ್ಕೆ ಮೆರವಣಿಗೆ ಹೊರಟರು. 1905ರ ನವೆಂಬರ್ 28ರಂದು ಮತದ ಹಕ್ಕಿಗಾಗಿ ಎರಡು ಲಕ್ಷಕ್ಕೂ ಹೆಚ್ಚು ಜನ ಇದೇ ರಿಂಗ್‌ಸ್ಟ್ರಾಸೆಯಲ್ಲಿ, ಇದೇ ಗ್ರೀಕ್ ಕಂಬಗಳೆದುರು ನಡೆದರು. 1907ರಲ್ಲಿ ಗಂಡಸರಿಗೆಲ್ಲ ಮತ ಸಿಕ್ಕಿತು. ಸಿಟ್ಟೆ ದೂರಿದ ಆ ಅಗಲ ಅವತ್ತು ಕೆಲಸಕ್ಕೆ ಬಂತು. ಸೋತದ್ದು ಉದಾರವಾದಿಗಳ ರಾಜಕೀಯ. ವಿಯೆನ್ನಾದಲ್ಲಿ ರಾಜಕೀಯ ಆಗಷ್ಟೇ ಶುರುವಾಗಿತ್ತು.

ಮುಂದಿನದು ಆ ಪುಸ್ತಕದ ಕಾಲಮಿತಿಗೆ ಹೊರಗು ಎನ್ನಬಹುದು. ಹಾಗಾದರೆ ವಾಗ್ನರ್‌ನ ಕಥೆಯೂ ಅರ್ಧಕ್ಕೇ ನಿಂತಿತು. ಅವನ ಶಿಷ್ಯ ಕಾರ್ಲ್ ಏನ್ 1927ರಿಂದ 1930ರವರೆಗೆ ನಗರಸಭೆಗಾಗಿ 1,382 ಮನೆಗಳ ಕಾರ್ಲ್ ಮಾರ್ಕ್ಸ್ ಹೋಫ್ ಕಟ್ಟಿದ. ಅದು ನಿಂತಿರುವುದು ಹೈಲಿಗನ್‌ಷ್ಟಾಟ್‌ನಲ್ಲಿ, ವಾಗ್ನರ್ ವಿನ್ಯಾಸ ಮಾಡಿದ ರೈಲು ನಿಲ್ದಾಣದ ಎದುರಿಗೇ.