ಪಟ್ಟಿಗೆ ಸಿಗದ ಕ್ರಿಯಾಪದ

ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳಂಥ ಜೋಡಿಪದಗಳು ಪರಭಾಷಿಕರಿಗೆ ಬಹಳ ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಹೇಳಿದ್ದರು. ನಮ್ಮ ಕೈಪಿಡಿಗಳು ಇದಕ್ಕೆ ಕೊಡುವ ಮದ್ದು ಪಟ್ಟಿ: ‘ಪುಟ್ ಆಫ್’ ಎಂದರೆ ‘ಪೋಸ್ಟ್‌ಪೋನ್’, ಬಾಯಿಪಾಠ ಮಾಡಿ. ಅರ್ಥವೇನೋ ಉಳಿಯಿತು, ಧಾಟಿ ಹೋಯಿತು. ಹಲ್ಲಿನ ಡಾಕ್ಟರ ಬಳಿ ಹೋಗುವುದನ್ನು ‘ಪುಟ್ ಆಫ್’ ಮಾಡುವುದರಲ್ಲಿ ಮನಸ್ಸಿಲ್ಲದೆ ದಿನ ತಳ್ಳುವ ಛಾಯೆಯಿದೆ. ಕಚೇರಿ ಸುತ್ತೋಲೆಯ ‘ಪೋಸ್ಟ್‌ಪೋನ್’ಗೆ ಅದಿಲ್ಲ.

ಕನ್ನಡ ಬಲ್ಲವರಿಗೆ ಇಂಥ ಜೋಡಣೆ ಹೊಸತೇನಲ್ಲ. ‘ಹೇಳು’, ‘ಕೊಡು’ ಕೂಡಿ ‘ಹೇಳಿಕೊಡು’ ಆದಾಗ ಕಲಿಸುವ ಅರ್ಥ ಬರುತ್ತದೆ. ‘ಮಗುವನ್ನು ನೋಡು’ ಬೇರೆ, ‘ಮಗುವನ್ನು ನೋಡಿಕೋ’ ಬೇರೆ; ಎರಡನೆಯದು ‘ಲುಕ್ ಆಫ್ಟರ್’. ಅಲ್ಲಿ ಪುಟ್ಟ ಅವ್ಯಯ ಮಾಡುವ ಕೆಲಸವನ್ನು ಇಲ್ಲಿ ಎರಡನೆಯ ಕ್ರಿಯಾಪದ ಮಾಡುತ್ತದೆ. ಇಂಗ್ಲಿಷ್ ಪಾಠ ಈ ಪರಿಚಯದಿಂದ ಶುರುವಾದರೆ, ಪಟ್ಟಿಗಿಂತ ವಾಕ್ಯಗಳೇ ಹೆಚ್ಚು ಹೇಳಿಕೊಡುತ್ತವೆ.